ಶಿಗ್ಗಾವಿಗೆ ಬಂದ ಕಡಲಿನವರು

ನಮ್ಮ ಮನೆಯ ಉಪ್ಪಿನ ಭರಣಿಯಲ್ಲಿ ಇವತ್ತಿಗೂ ಒಂದು ಚಿಟಿಕೆ ಅಕ್ಕಿ ಇರುತ್ತದೆ. ಉಪ್ಪು ತೀರಿ ಹೊಸದು ತುಂಬಿದಾಗಲೆಲ್ಲ ನನ್ನ ಕೈ ತಾನೇ ತಾನಾಗಿ ಅಕ್ಕಿಯ ಡಬ್ಬಿಗೆ ಹೋಗುತ್ತದೆ. ಮೊನ್ನೆ ಊಟಕ್ಕೆ ಕೂತಾಗ ಮಗನ ಹಲ್ಲಿಗೆ ಪಲ್ಯದಲ್ಲಿ ಹಸಿ ಅಕ್ಕಿಕಾಳು ಸಿಕ್ಕಿತು. ಅವನು ಮುಖ ಕಿವುಚಿದ. ಸೊಸೆ ಕೇಳಿಯೇ ಬಿಟ್ಟಳು:

"ಅತ್ತೀ, ಉಪ್ಪಿನ್ಯಾಗ ಅಕ್ಕಿ ಯಾಕ ಹಾಕ್ತೀರಿ? ದೇವರ ಹರಕಿ ಏನರ ಐತೇನ್ರಿ?"

"ಉಪ್ಪು ನೀರು ಬಿಡಬಾರದು ಅಂತ ಹಾಕ್ತೇನವಾ."

"ನಮ್ಮ ಶಿಗ್ಗಾವಿಯೊಳಗ ಉಪ್ಪು ಎಲ್ಲಿ ನೀರು ಬಿಡ್ತೈತ್ರಿ?"

ಹುಡುಗಿ ಹೇಳಿದ್ದು ಸರಿ. ಮಳೆಗಾಲದ ನಾಲ್ಕು ದಿನ ಬಿಟ್ಟರೆ ನಮ್ಮೂರಿನ ಗಾಳಿಗೆ ಉಪ್ಪು ಮಾತ್ರ ಅಲ್ಲ, ತುಟಿಯೂ ಒಣಗಿ ಬಿರುಕು ಬಿಡುತ್ತದೆ. ಉಪ್ಪಿಗೆ ಅಕ್ಕಿ ಬೆರೆಸುವುದು ಕಡಲ ದಂಡೆಯವರ ರೂಢಿ. ನನಗೆ ಅದನ್ನು ಹತ್ತಿಸಿ ಹೋದವಳು ನಾಗವೇಣಿ. ಸೊಸೆಗೆ ಅವಳ ಕಥೆ ಹೇಳಲು ಕೂತೆ. ಪಾತ್ರೆ ತೊಳೆಯುವುದು ಅಲ್ಲಿಗೇ ನಿಂತಿತು. ನಿಮಗೂ ಹೇಳುತ್ತೇನೆ, ಕೈಯಲ್ಲಿ ಕೆಲಸವಿದ್ದರೆ ಅತ್ತ ಇಡಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹಿರೇಕೆರೂರಿನ ಕಡೆಯಿಂದ ಮದುವೆಯಾಗಿ ಶಿಗ್ಗಾವಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ತವರು ಅಬಲೂರಿನ ಹತ್ತಿರ, ಮಳೆಯನ್ನು ನಂಬಿ ಬಿತ್ತುವ ಒಣ ಭೂಮಿಯ ಊರು. ನೀರು ಎಂದರೆ ನನ್ನ ಪಾಲಿಗೆ ಕೊಡದಲ್ಲಿ ಹಿಡಿಸುವಷ್ಟು ಇರುವ ಪದಾರ್ಥ. ಅದಕ್ಕಿಂತ ಹೆಚ್ಚಿನ ನೀರು ಒಂದೇ ಕಡೆ ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು. ಕೆರೆಯ ಏರಿಯ ಮೇಲೆ ಬಸ್ಸು ಹೋಗುವಾಗ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದವಳು ನಾನು. ಮುಚ್ಚಿದ ಕಣ್ಣಿನಿಂದ ಬಸ್ಸಿಗೆ ಏನು ಉಪಕಾರವಾಗುತ್ತಿತ್ತೋ ಗೊತ್ತಿಲ್ಲ.

ನಮ್ಮ ಅತ್ತೆಯ ಹೆಸರು ಗೌರವ್ವ, ತವರು ದುಂಡಸಿ. ಮಾವ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೆಲ್ಲ ಅವರದೇ. ನಮ್ಮದು ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಸಂದಿಯಲ್ಲಿ ಒಬ್ಬರು ಕಾಲು ಮಡಚಿ ಕೂತು ಕಾಳು ಹಸನು ಮಾಡಬಹುದಿತ್ತು. ಮನೆಯ ಅರ್ಧ ಭಾಗ ಖಾಲಿ ಬಿದ್ದಿತ್ತು. ಒಂದು ಮುಂಜಾನೆ ಆ ಭಾಗವನ್ನು ಬಾಡಿಗೆಗೆ ಕೇಳಿಕೊಂಡು ಗಂಡ ಹೆಂಡತಿ ಇಬ್ಬರು ಬಂದರು. ಗಂಡ ಮಂಜುನಾಥ ಕುಮಟೆಯ ಕಡೆಯ ಕಡಲ ದಂಡೆಯವನು, ಲಾಂಚುಗಳ ಡೀಸೆಲ್ ಎಂಜಿನ್ ರಿಪೇರಿ ಬಲ್ಲವನು. ನಮ್ಮೂರ ದೊಡ್ಡ ರಸ್ತೆಯ ಲಾರಿ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತ್ತು. ಹೆಂಡತಿ ನಾಗವೇಣಿ ಒಂದು ಟ್ರಂಕು, ಒಂದು ಚಾಪೆ, ಒಂದು ತೆಂಗಿನಕಾಯಿ ತುರಿಯುವ ಮಣೆ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಸಂಸಾರವೆಂದರೆ ಅಷ್ಟೇ.

"ಮೀನಾ ತಿನ್ನೋರೇನಪಾ?" ಅತ್ತೆ ನೇರವಾಗಿ ಕೇಳಿದರು.

ಮಂಜುನಾಥ ತಲೆ ತಗ್ಗಿಸಿ, "ಇಲ್ಲಿ ತಿನ್ನುದಿಲ್ಲ ಅಮ್ಮಾ" ಎಂದ.

"ಅಲ್ಲಾ, ನಿಮ್ಮೂರು ಬಿಟ್ಟು ಇಷ್ಟು ದೂರ ಯಾಕ ಬಂದ್ರಿ?"

ನಾಗವೇಣಿಯೇ ಹೇಳಿದಳು: "ಗಾಳಿಗೆ ಮನೆ ಹೋಯ್ತು ಅಮ್ಮಾ."

ಗಾಳಿಗೆ ಮನೆ ಹೋಗುವುದೆಂದರೆ ಏನೆಂದು ಅತ್ತೆಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಗಾಳಿಗೆ ಹೋಗುವುದು ಹೊಟ್ಟು, ಒಣಹಾಕಿದ ಬಟ್ಟೆ, ಬಹಳವೆಂದರೆ ಬಣವೆಯ ಮೇಲಿನ ಮೇವು. ಅವರು ನಮ್ಮ ಗೋಡೆಯನ್ನು ಅಂಗೈಯಿಂದ ಒಂದು ಸಲ ಬಡಿದು, "ಇಲ್ಲಿ ಹಂಗೆಲ್ಲಾ ಆಗೂದಿಲ್ಲವಾ, ಒಳಗ ಬರ್ರಿ" ಎಂದರು. ಹೀಗೆ ಕಡಲಿನವರು ನಮ್ಮ ಮನೆ ಹೊಕ್ಕರು.

ಶುರುವಿನಲ್ಲಿ ನಾಗವೇಣಿಗೆ ನಮ್ಮೂರಿನಲ್ಲಿ ಎಲ್ಲವೂ ತಪ್ಪೇ. ನಲ್ಲಿಗೆ ನೀರು ಬರುವುದು ಯಾವಾಗಲೋ ಒಮ್ಮೆ, ಬಂದರೂ ಕೊಡಗಳ ಪಾಳಿ. ಬಾವಿಯದು ಸವಳು ನೀರು, ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. "ನಮ್ಮಲ್ಲಿ ಕಡಲಿಗೆ ನಾಲ್ಕು ಮಾರು ದೂರದ ಬಾವಿಯಲ್ಲೂ ಸಿಹಿನೀರು. ಬಗ್ಗಿ ಕೊಡದಲ್ಲೇ ತಕ್ಕೊಳ್ಳುದು" ಎನ್ನುತ್ತಿದ್ದಳು. ಉಪ್ಪುನೀರಿನ ಪಕ್ಕದವರಿಗೆ ಸಿಹಿನೀರು, ನೆಲದ ನಡುವಿನ ನಮಗೆ ಸವಳು. ನನಗೆ ಇದು ಬಹಳ ದಿನ ದೇವರ ಲೆಕ್ಕ ತಪ್ಪಿದ ಹಾಗೆ ಕಾಣುತ್ತಿತ್ತು. ಚಳಿಗಾಲದಲ್ಲಿ ಅವಳ ಹಿಮ್ಮಡಿ ಒಡೆದು ರಕ್ತ ಬಂತು. ಜೋಳದ ರೊಟ್ಟಿ ತಿಂದರೆ ಗಂಟಲಲ್ಲಿ ನಿಲ್ಲುತ್ತದೆ ಎಂದಳು. ಅತ್ತೆಗೆ ಇದೊಂದನ್ನು ತಡೆದುಕೊಳ್ಳಲು ಆಗಲಿಲ್ಲ.

"ಗಂಜಿ ಕುಡುದು ಕುಡುದು ನಿಮ್ಮ ಗಂಟಲಾ ಸಣ್ಣ ಆಗೇತಿ. ದಿನಾ ಅರ್ಧಾ ರೊಟ್ಟಿ ತಿನ್ನು, ತಾನ ಅಗಲಾಕ್ಕೈತಿ."

ಆದರೆ ಒಂದು ವಿಷಯಕ್ಕೆ ನಾಗವೇಣಿ ನಮ್ಮೂರಿಗೆ ಸೋತಿದ್ದಳು. ಅದು ಬಿಸಿಲು. ಬಿಸಿಲು ಅವರಲ್ಲಿಯೂ ಇದೆಯಂತೆ, ಆದರೆ ಅದು ಬೆವರಿಳಿಸುವ ಬಿಸಿಲು. ಮೈ ಒರೆಸಿದ ಪಂಚೆ ಒಣಗುವುದರೊಳಗೆ ಮತ್ತೆ ಮೈ ಒರೆಸಬೇಕು. ಚಾಕು, ಕತ್ತರಿ, ಪೆಟ್ಟಿಗೆಯ ಬೀಗ ಎಲ್ಲಕ್ಕೂ ತುಕ್ಕು. ಮದುವೆಯ ಸೀರೆಗೆ ಬೂಷ್ಟು. ನಮ್ಮಲ್ಲಿ ಅವಳು ಒಗೆದ ಬಟ್ಟೆಯನ್ನು ಹಗ್ಗದ ಆ ತುದಿಗೆ ಹಾಕಿ ಮುಗಿಸುವುದರೊಳಗೆ ಈ ತುದಿಯದು ಒಣಗಿರುತ್ತಿತ್ತು. ಅವಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಸರೋಜಕ್ಕಾ, ಇದು ನೋಡಿ, ಹಪ್ಪಳದ ಹಾಗೆ ಆಗಿದೆ!" ಎಂದು ನನ್ನನ್ನು ಕರೆಯುತ್ತಿದ್ದಳು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಂಡಿಗೆ ಇಡಲು ಹೋದವಳು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹುಟ್ಟಿದಾಗಿನಿಂದ ಹಸಿಯಾಗಿದ್ದ ಜೀವ ಒಂದು ಒಣಗಲು ಕೂತಿದೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಇಲಿಯ ಪ್ರಸಂಗವನ್ನು ಇಲ್ಲಿ ಹೇಳಿಬಿಡಬೇಕು. ಒಂದು ದಿನ ಮಧ್ಯಾಹ್ನ ಮನೆಯಲ್ಲಿ ಎಂಥದೋ ವಾಸನೆ. ಅತ್ತೆ ಮೂಗು ಏರಿಸಿ, "ಇಲಿ ಸತ್ತೈತಿ" ಎಂದು ತೀರ್ಪು ಕೊಟ್ಟರು. ಅಟ್ಟದಿಂದ ಶುರುವಾಯಿತು. ಕಾಳಿನ ಚೀಲ ಸರಿಸಿದೆವು, ಜೋಳ ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿ ಮೂಸಿದೆವು, ಸಂದೂಕದ ಹಿಂದೆ ಕೋಲು ಆಡಿಸಿದೆವು. ನಾನಂತೂ ದೇವರ ಮಾಡದಲ್ಲಿಯೂ ಇಣುಕಿದೆ. ನಾಗವೇಣಿ ಸೆರಗು ಬಿಗಿದುಕೊಂಡು ನಮ್ಮ ಜೊತೆಗೇ ಹುಡುಕುತ್ತಿದ್ದಳು, ನಮಗಿಂತ ಹೆಚ್ಚು ಹುರುಪಿನಿಂದ. ಸಂಜೆಯ ಹೊತ್ತಿಗೆ ಮೈತುಂಬ ಧೂಳು. ಕೊನೆಗೆ ಅತ್ತೆ ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಮೂಗು ಏರಿಸಿದರು. ನಾಗವೇಣಿಯ ಮುಖ ನೋಡಿದರು. ಅವಳ ಕಣ್ಣಲ್ಲಿ ನೀರು. ಊರಿನ ಕಡೆಯ ಲಾರಿಯವನು ಗಂಡನ ಕೈಯಲ್ಲಿ ಒಂದು ಪೊಟ್ಟಣ ಒಣಮೀನು ಕೊಟ್ಟು ಕಳಿಸಿದ್ದನಂತೆ. ಬಸುರಿ ಹೆಂಗಸು, ಬಾಯಿ ತಡೆಯಲಿಲ್ಲ.

ಅತ್ತೆ ಅವಳ ಹೊಟ್ಟೆಯ ಕಡೆ ನೋಡಿದರು. ಆಮೇಲೆ, "ಬಸುರಾಗಿ ಎಷ್ಟು ತಿಂಗಳಾತು? ನನ್ನ ಮುಂದ ಯಾಕ ಹೇಳಲಿಲ್ಲ?" ಎಂದರು. ಮೀನಿನ ಮಾತು ಅಲ್ಲಿಗೇ ಮುಗಿಯಿತು. ಮರುದಿನ ಹಿತ್ತಲಿನ ಕಡೆಯ ಮೂಲೆಯಲ್ಲಿ ಮೂರು ಕಲ್ಲು ಇಟ್ಟು ಒಲೆ ಮಾಡಿಕೊಟ್ಟರು. "ಗಾಳಿ ಆ ಕಡೆ ಹೋಗೂ ದಿನ ಇಲ್ಲಿ ಮಾಡ್ಕೊ. ಮನಿ ಕಡೆ ಬೀಸೂ ದಿನ ಬ್ಯಾಡ" ಎಂದು ಕರಾರು ಹಾಕಿದರು. ಅಂದಿನಿಂದ, ಜೀವಮಾನದಲ್ಲಿ ಗಾಳಿಯ ಕಡೆ ಲಕ್ಷ್ಯ ಕೊಡದ ನಮ್ಮತ್ತೆ ದಿನಾ ಮುಂಜಾನೆ ಹಿತ್ತಲಿಗೆ ಹೋಗಿ ಒಂದು ಚಿಟಿಕೆ ಮಣ್ಣು ಹಾರಿಸಿ ನೋಡುವುದನ್ನು ರೂಢಿ ಮಾಡಿಕೊಂಡರು.

ಹೆರಿಗೆಯೂ ನಮ್ಮ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ಬಾಣಂತನ ಮಾಡಿದವರು ಅತ್ತೆಯೇ. ಆ ದಿನಗಳಲ್ಲಿಯೇ ಒಂದು ಮಧ್ಯಾಹ್ನ ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ನಾಗವೇಣಿ ಗಾಳಿಯ ಕಥೆಯನ್ನು ಪೂರಾ ಹೇಳಿದಳು. ಅಲ್ಲಿಯವರೆಗೆ ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಮಂಜುನಾಥನಿಗೆ ತಂದೆ ತಾಯಿ ಇರಲಿಲ್ಲ. ಇದ್ದವನು ಗಣಪತಿ ಎಂಬ ತಮ್ಮ ಒಬ್ಬನೇ. ಅಣ್ಣ ಎಂಜಿನ್ ರಿಪೇರಿ ಮಾಡುತ್ತಿದ್ದ, ತಮ್ಮ ದೋಣಿ ನಡೆಸುತ್ತಿದ್ದ. ಮಳೆಗಾಲ ಇನ್ನೇನು ಶುರುವಾಗಬೇಕು ಎನ್ನುವ ಹೊತ್ತು. ಮುಂಜಾನೆಯಿಂದ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ನಾಗವೇಣಿಗೆ ಜ್ವರ, ಏಳಲು ಆಗುತ್ತಿರಲಿಲ್ಲ. ದೋಣಿಯನ್ನು ಇನ್ನೂ ಮೇಲಕ್ಕೆ ಎಳೆದು ತೆಂಗಿನ ಮರಕ್ಕೆ ಕಟ್ಟಬೇಕು ಎಂದು ಗಣಪತಿ ಎದ್ದ.

"ಇವರು, 'ಒಬ್ಬನೇ ಹೋಗಬೇಡ, ನಾನೂ ಬತ್ತೆ' ಅಂದ್ರು. ಅವನು, 'ಅತ್ತಿಗೆಗೆ ಹುಷಾರಿಲ್ಲ, ನೀನು ಇಲ್ಲೇ ಇರು, ಈಗ ಬಂದೆ' ಅಂದ. ಇವರು ನನ್ನ ಕಡೆ ನೋಡಿದ್ರು. ಹೋಗಿ ಅಂತ ನಾನು ಹೇಳಲಿಲ್ಲ ಅಮ್ಮಾ. ನನಗೆ ಹೆದರಿಕೆ ಆಗಿತ್ತು."

ಹಂಚುಗಳು ಒಂದೊಂದಾಗಿ ಹಾರತೊಡಗಿದವು. ಮಂಜುನಾಥ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಬಂದದ್ದೇ ತಡ, ಹಿಂದೆ ಮಾಡು, ಅಂದರೆ ಮನೆಯ ಸೂರು, ಕುಸಿಯಿತು. ಅವಳನ್ನು ಗುಡ್ಡದ ಮೇಲಿನ ಶಾಲೆಯಲ್ಲಿ ಬಿಟ್ಟು ಅವನು ದಂಡೆಗೆ ಓಡಿದ. ಅಲ್ಲಿ ದೋಣಿಯೂ ಇರಲಿಲ್ಲ, ಕಟ್ಟಬೇಕೆಂದಿದ್ದ ಮರವೂ ಇರಲಿಲ್ಲ. ಗಣಪತಿ ಸಿಗಲೇ ಇಲ್ಲ.

ಅತ್ತೆಯ ಕೈ ಕೂಸಿನ ಬೆನ್ನ ಮೇಲೆ ನಿಂತುಬಿಟ್ಟಿತ್ತು. "ಅಂಥಾ ನೀರಿನ ಮಗ್ಗಲಕ ಮಂದಿ ಯಾಕರ ಮನಿ ಕಟ್ಟತಾರೋ ನಮ್ಮವ್ವಾ" ಎಂದರು. ಅದು ಬೈಗುಳವಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

"ಆ ಒಂದು ದಿನ ಬಿಟ್ರೆ ಅದು ಒಳ್ಳೇದೇ ಅಮ್ಮಾ" ಎಂದಳು ನಾಗವೇಣಿ. "ಉಣ್ಣಲು ಕೊಡ್ತದೆ, ಸಂಜೆಗೆ ಗಾಳಿ ಕೊಡ್ತದೆ. ತೆಂಗು ತಾನೇ ಬೆಳೀತದೆ. ಆ ಒಂದು ದಿನ ಮಾತ್ರ..." ಕೂಸಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. "ನಾನಂತೂ ಇನ್ನು ಹೋಗುದಿಲ್ಲ" ಎಂದಳು.

ಹೋಗುವುದಿಲ್ಲ ಎಂದವಳು ನಿಜವಾಗಿಯೂ ನಮ್ಮೂರಿನವಳಾಗತೊಡಗಿದಳು. ರೊಟ್ಟಿ ಬಡಿಯಲು ಕಲಿತಳು. ಮೊದಮೊದಲು ಅವಳ ರೊಟ್ಟಿ ಕುಮಟೆಯ ಕಡಲ ದಂಡೆಯ ನಕಾಶೆಯ ಹಾಗೆ ಅಂಚು ಹರಿದುಕೊಂಡು ಬರುತ್ತಿತ್ತು. ಆಮೇಲೆ ನನ್ನ ರೊಟ್ಟಿಗಿಂತ ದುಂಡಗಾಯಿತು. ಅತ್ತೆ ಅದನ್ನು ಓಣಿಯ ತುಂಬ ಹೇಳಿಕೊಂಡು ಬಂದರು. ನನಗೆ ಸ್ವಲ್ಪ ಹೊಟ್ಟೆಯುರಿ ಆಗಿತ್ತು ಎಂದು ಈಗ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲಾರರು. ಅವಳ ಮಾತಿನಲ್ಲಿಯೂ 'ಎಂತ' ಕಡಿಮೆಯಾಗಿ 'ಏನ್ರಿ' ಬರತೊಡಗಿತು. ಸವಣೂರಿನಿಂದ ವೀಳ್ಯದೆಲೆ ಮಾರಲು ಬರುತ್ತಿದ್ದ ಇಮಾಮಸಾಬ ಎಂಬ ಹಿರಿಯರು, "ಈ ಬಾಯಿ ಈಗ ಪೂರಾ ನಮ್ಮ ಕಡೇದಾತು ಬಿಡ್ರಿ" ಎಂದು ನಗುತ್ತಿದ್ದರು. ಸವಣೂರಿನ ಎಲೆಯ ಬುಟ್ಟಿಗಳು ಲಾರಿಯ ಮೇಲೆ ಕರಾವಳಿಗೂ ಹೋಗುತ್ತಿದ್ದವು. ಹೀಗಾಗಿ ಆ ಕಡೆಯ ಸುದ್ದಿ ನಮಗೆ ಬರುತ್ತಿದ್ದುದು ಅವರ ಬಾಯಿಂದಲೇ.

ಹೀಗೆ ಕೆಲವು ವರ್ಷ ಹೋದವು. ಕೂಸು ಪುಟ್ಟಿ ಓಡಾಡತೊಡಗಿತು. ಅತ್ತೆಗೆ ಅದನ್ನು ಬಿಟ್ಟರೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು: "ಹಿತ್ತಲದಾಗ ಜಾಗಾ ಸುಮ್ಮನ ಬಿದ್ದೈತಿ. ನಿಮ್ಮದಂತ ಒಂದು ಮನಿ ಕಟ್ಟಿಕೊಳ್ರಿ. ರೊಕ್ಕದ ಮಾತು ಆಮ್ಯಾಲೆ."

ನಾಗವೇಣಿ ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಮಂಜುನಾಥ ಅವಳ ತೋಳು ಹಿಡಿದು ತಡೆದ.

"ಅಮ್ಮಾ, ನೀವು ಕೊಟ್ಟದ್ದು ದೊಡ್ಡದು. ಆದ್ರೆ ನಾನು ಊರಿಗೆ ಹೋಗ್ತೆ."

ನಮಗೆ ಯಾರಿಗೂ ಅರ್ಥವಾಗಲಿಲ್ಲ. ನಾಗವೇಣಿಗಂತೂ ಇದು ಸಿಡಿಲು ಬಡಿದ ಹಾಗೆ. ಇಷ್ಟು ವರ್ಷ ನೀರು ಸವಳು, ಗಾಳಿ ಒಣ ಎಂದು ಗೊಣಗಿದವಳು ಅವಳು. ಅವನು ಒಂದು ದಿನವಾದರೂ ನಮ್ಮೂರನ್ನು ಹಳಿದವನಲ್ಲ. ಗ್ಯಾರೇಜಿಗೆ ಹೋಗುವುದು, ಬರುವುದು, ಕೊಟ್ಟದ್ದು ಉಣ್ಣುವುದು. ಸಮಾಧಾನದ ಮನುಷ್ಯ ಎಂದು ನಾವು ತಿಳಿದಿದ್ದೆವು.

"ಯಾಕಪಾ? ಇಲ್ಲೇನು ಕಡಿಮಿ ಆಗೇತಿ?" ಎಂದರು ಅತ್ತೆ.

"ಕಡಿಮೆ ಎಂತದೂ ಇಲ್ಲ. ಇಲ್ಲಿ ಹೆದರಿಕೆಯೇ ಇಲ್ಲ ಅಮ್ಮಾ." ಅವನು ಪದಗಳಿಗಾಗಿ ಹುಡುಕಿದ. "ಇಲ್ಲಿ ಇದ್ರೆ ಓಡಿ ಬಂದವನು ಅಂತ ಅನ್ಸ್ತದೆ. ಮಳೆಗಾಲ ಬಂದಾಗೆಲ್ಲ, ಅಲ್ಲಿ ಯಾರ ದೋಣಿ ಕಟ್ಟಲಿಕ್ಕೆ ಯಾರು ಒಬ್ಬನೇ ಹೋಗಿದ್ದಾನೋ ಅಂತಲೇ ತಲೆಯಲ್ಲಿ."

ಅತ್ತೆಗೆ ಸಿಟ್ಟು ಬಂತು. ಅವರ ಸಿಟ್ಟು ಸಣ್ಣದಲ್ಲ. "ಹೋಗಿ ಏನು ಮಾಡ್ತಿ? ಗಾಳಿಗೆ ಎದಿ ಕೊಡ್ತೀಯೇನು? ತಮ್ಮ ಹೋದಾ, ನೀನೂ ಹೋಗಬೇಕಾ? ಈ ಕೂಸಿನ್ನ ಕಟಗೊಂಡು ಅಲ್ಲಿಗೆ ಹೊಂಟೀಯಲ್ಲಾ, ಕರುಳು ಐತೋ ಇಲ್ಲೋ ನಿನಗ?" ಎಂದು ಕೂಗಾಡಿದರು. ನಾಗವೇಣಿ ಗೋಡೆಗೆ ಒರಗಿ ಅಳುತ್ತಿದ್ದಳು. ನಮ್ಮ ಮನೆಯವರು ಮಧ್ಯೆ ಬಂದು ಏನೋ ಸಮಾಧಾನ ಹೇಳಲು ಹೋಗಿ ತಾವೂ ಬೈಸಿಕೊಂಡರು. ನಾನು ಪುಟ್ಟಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಜಗಳದ ಹೊತ್ತಿನಲ್ಲಿ ಜಾಗ ಖಾಲಿ ಮಾಡುವುದು ನನ್ನ ಹಳೆಯ ಶೌರ್ಯ.

ಅವರು ಹೊರಟ ದಿನ ಅತ್ತೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿ ಪುಟ್ಟಿಯ ಕೈಯಲ್ಲಿ ಇಟ್ಟು ಒಳಗೆ ಹೋದರು. ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದವಳು ನಾನೊಬ್ಬಳೇ.

ಆಮೇಲಿನ ಒಂದೆರಡು ವರ್ಷ ನಮ್ಮ ಮನೆಯ ಆ ಅರ್ಧ ಭಾಗಕ್ಕೆ ಬೇರೆಯವರು ಬಂದರು, ಹೋದರು. ಅವರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಒಳ್ಳೆಯವರು. ಇಮಾಮಸಾಬರು ಬಂದಾಗ ಅತ್ತೆ ಎಲೆ ಆರಿಸುತ್ತ, ಏನೂ ಗೊತ್ತಿಲ್ಲದವರ ಹಾಗೆ, "ಆ ಕಡೆ ಲಾರಿ ಹೋಗ್ಯಾವೇನ್ರಿ?" ಎಂದು ಕೇಳುತ್ತಿದ್ದರು. ಹಳೆಯ ಜಾಗದಲ್ಲೇ ಮನೆ ಎಬ್ಬಿಸಿದ್ದಾರೆ, ಮಂಜುನಾಥ ಮತ್ತೆ ಎಂಜಿನ್ ರಿಪೇರಿ ಶುರು ಮಾಡಿದ್ದಾನೆ ಎಂಬಷ್ಟು ಸುದ್ದಿ ಬರುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿರಬೇಕು, ಒಂದು ದೀಪಾವಳಿ ಮುಗಿದ ಮೇಲೆ ನಮ್ಮಲ್ಲಿ ಅಕಾಲದ ಮೋಡ ಕವಿಯಿತು. ಸಣ್ಣಗೆ ಜಿಟಿಜಿಟಿ ಹತ್ತಿತು. ಒಡೆದ ಹತ್ತಿ ಗಿಡದಲ್ಲೇ ತೊಯ್ದು ಕಪ್ಪಗಾಗುತ್ತದೆ ಎಂದು ಎಲ್ಲರೂ ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಕಡಲಲ್ಲಿ ಬಿರುಗಾಳಿ ಎದ್ದರೆ ನಮ್ಮ ಪಾಲಿಗೆ ಬರುವುದು ಇಷ್ಟೇ, ಅದರ ಸೆರಗಿನ ನೀರು. ಆ ಹೊತ್ತಿಗೆ ಇಮಾಮಸಾಬರು ಬಂದರು. ಬುಟ್ಟಿ ಇಳಿಸಲಿಲ್ಲ.

"ಅವ್ವಾರ, ಕುಮಟಾ ಕಡೆ ಭಾಳ ಗಾಳಿ ಹೊಡದೈತಂತ. ಗಿಡಾ ಬಿದ್ದು ರಸ್ತಾ ಬಂದ್ ಆಗೇತಿ. ನಮ್ಮ ಎಲಿ ಲಾರಿ ಶಿರಸಿಗೇ ನಿಂತಾವು."

ಅತ್ತೆ ಒಳಗೆ ಹೋದವರು ನಾದುವ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹಾಕಿಕೊಂಡು ಕೂತರು. ಸಂಜೆಯವರೆಗೆ ರೊಟ್ಟಿ ಬಡಿದರು. ತೆಳ್ಳಗಿನ ಕಟಕ ರೊಟ್ಟಿ, ತಿಂಗಳಿಟ್ಟರೂ ಕೆಡದವು. ರಸ್ತೆ ತೆರೆಯಿತು ಎಂಬ ಸುದ್ದಿ ಬಂದ ಮರುದಿನ ಮುಂಜಾನೆ ರೊಟ್ಟಿಯ ಗಂಟು ಕಂಕುಳಲ್ಲಿಟ್ಟು, "ಸರೋಜಾ, ನಡಿ, ಆಕಿನ್ನ ಕರಕೊಂಡು ಬರೂಣು" ಎಂದರು. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ಹೀಗಾಗಿ ಕೊಡದ ನೀರಿಗಿಂತ ಹೆಚ್ಚಿನ ನೀರು ಕಂಡರೆ ಹೆದರುವ ನಾನು, ದುಂಡಸಿಯಿಂದ ಆಚೆ ಶಿಗ್ಗಾವಿ, ಶಿಗ್ಗಾವಿಯಿಂದ ಆಚೆ ಹಾನಗಲ್ಲ ಬಿಟ್ಟು ಬೇರೆ ಊರು ಕಾಣದ ಅತ್ತೆ, ಇಬ್ಬರೇ ಕಡಲಿಗೆ ಹೊರಟೆವು.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಶಿರಸಿ, ಶಿರಸಿಯಲ್ಲಿ ಬದಲಿಸಿ ಘಟ್ಟ. ಘಟ್ಟದ ತಿರುವುಗಳಲ್ಲಿ ನನ್ನ ಹೊಟ್ಟೆಯೊಳಗಿನದೆಲ್ಲ ಕಿಟಕಿಯ ಹೊರಗೆ ಹೋಯಿತು. ಕಡಲು ನೋಡುವುದೆಂದು ಮದುವೆಯ ಇಳಕಲ್ಲ ಸೀರೆ ಉಟ್ಟುಕೊಂಡಿದ್ದೆ. ಅದರ ಗತಿ ಕೇಳಬೇಡಿ. ಅತ್ತೆ ಮಾತ್ರ ಗಂಟನ್ನು ತಬ್ಬಿಕೊಂಡು ಅಲುಗದೆ ಕೂತಿದ್ದರು. ಕೆಳಗೆ ಇಳಿದಂತೆ ರಸ್ತೆಯ ಎರಡೂ ಕಡೆ ಬುಡಸಮೇತ ಬಿದ್ದ ಮರಗಳು, ಹಂಚಿಲ್ಲದ ಮನೆಗಳು. ಗಾಳಿಗೆ ಮನೆ ಹೋಗುವುದೆಂದರೆ ಏನು ಎಂಬುದು ಅತ್ತೆಗೆ ಅಲ್ಲಿ ಅರ್ಥವಾಯಿತು.

ಊರು ಸೇರಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಕೇಳುತ್ತ ಕೇಳುತ್ತ ಹೋದೆವು. ನಾಗವೇಣಿಯ ಮನೆಯ ಗೋಡೆ ನಿಂತಿತ್ತು, ಮಾಡಿನ ಅರ್ಧ ಹಾರಿಹೋಗಿತ್ತು. ಅಂಗಳದಲ್ಲಿ ಅವಳು ಒಡೆಯದೆ ಉಳಿದ ಹಂಚುಗಳನ್ನು ಆರಿಸಿ ಸಾಲಾಗಿ ಒರಗಿಸುತ್ತಿದ್ದಳು. ನಮ್ಮನ್ನು ನೋಡಿ ಕೈಯಲ್ಲಿದ್ದ ಹಂಚು ಬಿಟ್ಟಳು. ಅದೊಂದು ಒಡೆಯಿತು.

"ಅಮ್ಮಾ!"

"ಪುಟ್ಟಿ ಎಲ್ಲಿ?" ಎಂದರು ಅತ್ತೆ, ಮೊದಲ ಮಾತು ಅದೇ.

ಪುಟ್ಟಿ ಶಾಲೆಯ ಹತ್ತಿರ ಮಕ್ಕಳೊಂದಿಗೆ ಆಡುತ್ತಿತ್ತು. ಎಲ್ಲರೂ ಕ್ಷೇಮ. ಅದನ್ನು ಕೇಳಿದ ಮೇಲೆಯೇ ಅತ್ತೆ ಕಂಕುಳಿನ ಗಂಟು ಇಳಿಸಿ ಮೆಟ್ಟಿಲ ಮೇಲೆ ಕೂತರು. ಕೂತವರು ಅಳತೊಡಗಿದರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಆ ದಿನ ಏನಾಯಿತು ಎಂದು ಅಕ್ಕಪಕ್ಕದವರೇ ಹೇಳಿದರು. ಮುಂಜಾನೆ ರೇಡಿಯೋದಲ್ಲಿ ಎಚ್ಚರಿಕೆ ಬಂದಿತ್ತು. ಮಂಜುನಾಥ ಕೇರಿಯ ಗಂಡಸರನ್ನೆಲ್ಲ ಕಲೆಹಾಕಿದ. ಎಲ್ಲರೂ ಒಟ್ಟಿಗೇ ಹೋಗಿ ದೋಣಿಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆದರು. ಗಾಳಿ ಏಳುವ ಮೊದಲೇ ಅವನು ಮನೆಮನೆಗೆ ಹೋಗಿ ಮುದುಕರನ್ನು, ಮಕ್ಕಳನ್ನು ಗುಡ್ಡದ ಶಾಲೆಗೆ ಹತ್ತಿಸಿದ. ಬರುವುದಿಲ್ಲ ಎಂದು ಹಟ ಹಿಡಿದ ಒಬ್ಬ ಅಜ್ಜಿಯನ್ನು ಬೈಸಿಕೊಳ್ಳುತ್ತಲೇ ಹೆಗಲ ಮೇಲೆ ಹೊತ್ತುಕೊಂಡು ಹೋದನಂತೆ. ಮಧ್ಯಾಹ್ನ ಗಾಳಿ ಹೊಡೆಯಿತು. ಮನೆಗಳು ಹೋದವು, ತೆಂಗು ಹೋದವು, ಎಳೆದಿಟ್ಟ ದೋಣಿಗಳಲ್ಲಿಯೂ ಕೆಲವು ಹೋದವು. ಆ ಕೇರಿಯಲ್ಲಿ ಜೀವ ಮಾತ್ರ ಒಂದೂ ಹೋಗಲಿಲ್ಲ.

ಸಂಜೆ ಅತ್ತೆ ದಂಡೆಗೆ ಹೋದರು. ನಾನು ಒಂದಷ್ಟು ದೂರದಲ್ಲೇ ನಿಂತೆ. ಅದು ಅಷ್ಟೊಂದು ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಏನೂ ಆಗಿಯೇ ಇಲ್ಲವೆಂಬಂತೆ ನೀರು ಬಂದು ಅತ್ತೆಯ ಹೆಜ್ಜೆಯ ಹತ್ತಿರ ಮಡಚಿಕೊಂಡು ಹಿಂದೆ ಹೋಗುತ್ತಿತ್ತು. ತಂಪು ಗಾಳಿ ಬೀಸುತ್ತಿತ್ತು. ನಾಗವೇಣಿ ಹೇಳುತ್ತಿದ್ದ ಸಂಜೆಯ ಗಾಳಿ ಇದೇ ಇರಬೇಕು. ಅತ್ತೆ ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಗ್ಗಿ ಒಂದು ಬೊಗಸೆ ನೀರೆತ್ತಿ ಅದನ್ನೇ ನೋಡುತ್ತ ನಿಂತು, ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡರು.

ಮರುದಿನ ಹಂಚು ಆರಿಸುತ್ತ ಕೂತಾಗ ಅವರು ನಾಗವೇಣಿಯನ್ನು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಖರೇ ಹೇಳು. ನಿನಗ ನನ್ನ ಕೂಡ ಬರೂ ಮನಸು ಐತೇನು? ಐತಿ ಅಂದರ ನಾ ಅವಗ ಹೇಳ್ತೇನಿ. ಬೇಕಾದರ ಅವನ ಕಾಲು ಹಿಡಿತೇನಿ."

ನಾಗವೇಣಿ ಕೈಯಲ್ಲಿದ್ದ ಹಂಚನ್ನು ಮಡಿಲಲ್ಲಿ ಇಟ್ಟುಕೊಂಡಳು. "ಮನಸಿದೆ ಅಮ್ಮಾ. ಸುಳ್ಳು ಯಾಕೆ ಹೇಳಲಿ? ಅಲ್ಲಿ ಮಲಗಿದ್ರೆ ಮಾಡಿನ ಕಡೆ ನೋಡುದೇ ಬೇಡ. ಇಲ್ಲಿ ಮೋಡ ಬಂದ್ರೆ ನನಗೆ ಕೈಕಾಲು ತಣ್ಣಗಾಗ್ತದೆ, ಈಗಲೂ." ಹಂಚಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದಳು. "ಆದ್ರೆ ಇವರು ಇಲ್ಲಿ ನಗ್ತಾರೆ. ಶಿಗ್ಗಾವಿಯಲ್ಲಿ ಅಷ್ಟು ವರ್ಷ ಇದ್ರಲ್ಲ, ಒಂದು ಸಲ ನಕ್ಕದ್ದು ನೀವು ನೋಡಿದ್ರಾ?"

ಅತ್ತೆ ನೆನಪು ಮಾಡಿಕೊಳ್ಳಲು ನೋಡಿದರು. ನಾನೂ ನೋಡಿದೆ. ನಾವು ಅದನ್ನು ಸಮಾಧಾನ ಎಂದು ತಿಳಿದಿದ್ದೆವಲ್ಲ.

"ಹಂಗಾರ ನೀ ಹೆದರಿಕೊಂತ ಇರಾಕಿ?"

"ಅವರು ಅಲ್ಲಿ ಹೆದರಿಕೆ ಇಲ್ಲದೆ, ನಗುವೂ ಇಲ್ಲದೆ ಇದ್ರಲ್ಲ ಅಮ್ಮಾ, ಅದಕ್ಕಿಂತ ಇದು ಹಗುರ" ಎಂದಳು ಅವಳು.

ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ. ನಾವು ಒಂದೆರಡು ದಿನದ ಮಟ್ಟಿಗೆ ಹೋದವರು ಮಾಡು ಪೂರ್ತಿಯಾಗುವವರೆಗೆ ನಿಂತೆವು. ಮಂಜುನಾಥ ಮೇಲೆ, ನಾಗವೇಣಿ ಏಣಿಯ ಮೇಲೆ, ಕೆಳಗಿನಿಂದ ಹಂಚು ಕೊಡುವವಳು ನಾನು. ಅತ್ತೆ ಅಂಗಳದಲ್ಲಿ ನಿಂತು, ಹಂಚಿನ ಮನೆ ಕಟ್ಟಿಯೇ ಗೊತ್ತಿಲ್ಲದವರು, "ಅದು ಸೊಟ್ಟ ಆತು, ಇದು ಸರಿಸು" ಎಂದು ಎಲ್ಲರಿಗೂ ಹುಕುಂ ಮಾಡುತ್ತಿದ್ದರು. ಮೇಲಿನಿಂದ ಮಂಜುನಾಥ, "ಅಮ್ಮಾ, ನೀವೇ ಬನ್ನಿ ಮೇಲೆ, ನಾನು ಕೆಳಗೆ ಇಳಿತೆ" ಎಂದ. ಎಂದು ನಕ್ಕ. ದೊಡ್ಡ ಗಂಟಲಿನ ನಗು, ಅಕ್ಕಪಕ್ಕದ ಮಾಡಿನ ಮೇಲಿದ್ದವರೂ ತಿರುಗಿ ನೋಡುವಂಥದು. ಅತ್ತೆ ಬೈಯಲು ತೆರೆದ ಬಾಯಿ ಹಾಗೇ ತೆರೆದಿತ್ತು.

ರೊಟ್ಟಿಯನ್ನು ಅಂಗಳದಲ್ಲಿ ಕೇರಿಯವರೆಲ್ಲ ಹಂಚಿಕೊಂಡು ತಿಂದರು. ಗಂಟಲಲ್ಲಿ ನಿಲ್ಲುತ್ತದೆ ಎಂದು ಎಲ್ಲರೂ ಹೇಳಿದರು.

ಹಿಂದೆ ಬರುವಾಗ ಹಾನಗಲ್ಲಿನಲ್ಲಿ ನಮ್ಮ ಬಸ್ಸಿಗೆ ಒಬ್ಬ ಹೆಂಗಸು ಹತ್ತಿ ಅತ್ತೆಯ ಮಗ್ಗುಲಿಗೆ ಕೂತಳು. ನಮ್ಮ ಕಡೆಯವಳೇ. ಹೊರಗೆ ಜೋಳದ ಹೊಲಗಳ ಮೇಲೆ ಒಳ್ಳೆಯ ಒಣ ಬಿಸಿಲು ಬಿದ್ದಿತ್ತು. ಎಲ್ಲಿಂದ ಬಂದಿರಿ ಎಂದು ಕೇಳಿದಳು, ಅತ್ತೆ ಹೇಳಿದರು.

"ಅಯ್ಯ ಶಿವನ! ಮೊನ್ನೆ ಗಾಳಿ ಹೊಡದದ್ದು ಅಲ್ಲೇ ಅಲ್ಲೇನ್ರಿ? ಅಂಥಾ ಊರಾಗ ಮಂದಿ ಹೆಂಗ ಇರ್ತಾರೋ ನಮ್ಮವ್ವಾ!" ಎಂದಳು ಆಕೆ.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ಆಕೆಯನ್ನು ದಿಟ್ಟಿಸಿದರು.

"ಹೆಂಗ ಅಂದರ? ಒಬ್ಬರನ್ನೊಬ್ಬರು ಹಿಡಕೊಂಡು ಇರ್ತಾರ" ಎಂದರು. "ನೀವು ಹೆಂಗ ಇರ್ತೀರಿ?"

ಆ ಹೆಂಗಸು ಸೆರಗು ಸರಿಮಾಡಿಕೊಂಡು ಆ ಕಡೆ ಮುಖ ತಿರುಗಿಸಿದಳು. ಅತ್ತೆ ಶಿಗ್ಗಾವಿ ಬರುವವರೆಗೆ ಹೊರಗಿನ ಬಿಸಿಲನ್ನೇ ನೋಡುತ್ತ ಕೂತರು.